ಬಾಗಿಲಿಗೆ ಅಡ್ಡವಾಗಿ ಅಮ್ಮ

ಮಾರ್ಚ್ 3
ಮುಂದಿನ ಮನೆಯಿಂದ

ತಮ್ಮನಿಗೆ,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತದೆ ಎಂದುಕೊಳ್ಳಬೇಡ. ಲಕೋಟೆ ಕೊಂಡು ಅಲ್ಲೇ ವಿಳಾಸ ಬರೆದಾಗ ಅಂಚೆಯವನು ನೋಡಿ ನಕ್ಕ. "ಏನಕ್ಕಾ ಇದು, ಗೋಡೆ ಆಚೆ ಇರೋನಿಗೆ ಕಾಗದಾನಾ? ಒಂದು ಸಲ ಕೂಗಿದ್ರೆ ಕೇಳ್ಸಲ್ವಾ?" ಎಂದ. ಚೆನ್ನಾಗಿ ಕೇಳಿಸುತ್ತದೆ. ನೀನು ಕೆಮ್ಮುವುದು, ನಿನ್ನ ಹೆಂಡತಿ ಪಾತ್ರೆ ಕುಕ್ಕುವುದು, ಎಲ್ಲ ಕೇಳಿಸುತ್ತದೆ. ಆದರೆ ನೀನು ಇಟ್ಟಿಗೆ ಇಟ್ಟ ದಿನ ನಿನ್ನ ಜೊತೆ ಇನ್ನು ಮಾತಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಬರೆಯುವುದಿಲ್ಲ ಎಂದೇನೂ ಹೇಳಿರಲಿಲ್ಲ.

ನಿನ್ನೆ ನಗರಸಭೆಯ ಟೇಪಿನವ ಬಂದಿದ್ದ. ಅದೇ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಸೊಂಟಕ್ಕೆ ಅಳತೆ ಟೇಪು ನೇತುಹಾಕಿಕೊಂಡು, ವರ್ಷವರ್ಷ ನಮ್ಮ ಮನೆ ಕಂದಾಯ ನಿಗದಿ ಮಾಡಲು ಬರುತ್ತಾನಲ್ಲ, ಅವನು. ನನ್ನ ಹೊಲಿಗೆ ಮೆಷಿನ್ ನೋಡಿದ, ಕತ್ತರಿಸಿಟ್ಟಿದ್ದ ಶಾಲೆಯ ಅಂಗಿಗಳ ರಾಶಿ ನೋಡಿದ, ಮೂಲೆಯ ಮಂಚ ನೋಡಿದ. ಆಮೇಲೆ ಕೇಳಿದ:

"ಅಡುಗೆಮನೆ ಎಲ್ಲಿ?"

"ಹಿಂದಕ್ಕೆ ಹೋಯ್ತು."

"ಹಿಂದಕ್ಕೆ ಅಂದ್ರೆ?"

"ಗೋಡೆ ಆಚೆಗೆ. ಆ ಅರ್ಧ ನನ್ನ ತಮ್ಮಂದು."

"ಹಾಗಾದ್ರೆ ಇದು ಮನೆ ಅಲ್ಲಮ್ಮ. ಒಲೆ ಇಲ್ಲ, ಮೆಷಿನ್ ಇದೆ, ಬಾಗಿಲು ಮುಖ್ಯರಸ್ತೆಗಿದೆ. ಇದು ಅಂಗಡಿ."

ಅಂಗಡಿ ಎಂದರೆ ಮನೆ ಕಂದಾಯದ ನಾಲ್ಕು ಪಟ್ಟು. ಸೆಪ್ಟೆಂಬರ್ ಒಳಗೆ ಕಟ್ಟದಿದ್ದರೆ ಬಾಗಿಲಿಗೆ ಬೀಗ. ನಾನು ಮಲಗುವುದೂ ಅದೇ ಕೋಣೆಯಲ್ಲಿ, ದುಡಿಯುವುದೂ ಅದೇ ಕೋಣೆಯಲ್ಲಿ. ಬೀಗ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಅಪ್ಪ ಕಟ್ಟಿದ ಮನೆಯ ಮಧ್ಯದಲ್ಲೇ ನಗರದ ಗಡಿ ಹಾದುಹೋಗಿದೆ ಎಂದು ನಾವು ಚಿಕ್ಕವರಿದ್ದಾಗ ಕುಣಿದಾಡುತ್ತಿದ್ದೆವು, ನೆನಪಿದೆಯಾ? ನಾನು ನಗರದಲ್ಲಿ, ನೀನು ಹಳ್ಳಿಯಲ್ಲಿ ಎಂದು ಹೊಸ್ತಿಲ ಆಚೆ ಈಚೆ ನಿಂತು ಅಣಕಿಸುತ್ತಿದ್ದೆವು. ಬಾಗಿಲು ಯಾವ ರಸ್ತೆಗಿದೆಯೋ ಆ ಕಡೆಯವರಿಗೆ ಕಂದಾಯ. ಇದ್ದದ್ದು ಒಂದೇ ಬಾಗಿಲು, ಅಪ್ಪ ಹೋದ ಮೇಲೂ ಅರ್ಧರ್ಧ ಹಾಕಿ ನಗರಸಭೆಗೆ ಕಟ್ಟುತ್ತಿದ್ದೆವು. ಈಗ ನೀನು ಹಿಂದಿನ ಓಣಿಗೆ ಬೇರೆ ಬಾಗಿಲು ಕೊರೆದುಕೊಂಡೆ, ನಡುವಿನ ಬಾಗಿಲಿಗೆ ಇಟ್ಟಿಗೆ ತುಂಬಿದೆ, ಹಳ್ಳಿಯವನಾದೆ. ಅಡುಗೆಮನೆಯನ್ನೂ ಅಮ್ಮನನ್ನೂ ಆಚೆಗೆ ಇಟ್ಟುಕೊಂಡು ನನಗೆ ಕೈತೊಳೆಯುವ ಬಚ್ಚಲು ಬಿಟ್ಟೆ. ಬಹಳ ಉಪಕಾರವಾಯಿತು.

ನಿನ್ನ ಅಕ್ಕ


ಮಾರ್ಚ್ 11
ಹಿಂದಿನ ಮನೆಯಿಂದ

ಅಕ್ಕನಿಗೆ,

ನಿನ್ನ ಕಾಗದ ನಗರದ ದೊಡ್ಡ ಅಂಚೆ ಕಚೇರಿಗೆ ಹೋಗಿ, ಅಲ್ಲಿಂದ ಹಳ್ಳಿಯ ಅಂಚೆಗೆ ಬಂದು, ಅಲ್ಲಿಂದ ನನಗೆ ಬಂತು. ಅಷ್ಟರಲ್ಲಿ ನೀನು ಅದನ್ನು ಬರೆಯುತ್ತಾ ಗಟ್ಟಿಯಾಗಿ ಓದಿಕೊಂಡದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತ್ತು.

ಅಡುಗೆಮನೆಯ ವಿಷಯ ನನಗೆ ಗೊತ್ತಿರಲಿಲ್ಲ. ಪಾಲು ಮಾಡಿದಾಗ ಹಿಂದಿನ ಅರ್ಧ ನನಗೆ ಬಂತು, ಒಲೆ ಅದರಲ್ಲಿತ್ತು, ಅಷ್ಟೇ. ಒಲೆ ಇದ್ದರೆ ಮನೆ, ಇಲ್ಲದಿದ್ದರೆ ಅಂಗಡಿ ಎಂದು ಯಾವನೋ ಕುರ್ಚಿಯಲ್ಲಿ ಕೂತು ಬರೆದಿಟ್ಟಿದ್ದಾನೆ ಎಂದು ಬಡಗಿಗೆ ಹೇಗೆ ಗೊತ್ತಾಗಬೇಕು?

ಆದರೆ ಬಾಗಿಲು ಕೊರೆದದ್ದಕ್ಕೆ ನಾನು ಯಾರ ಕಾಲಿಗೂ ಬೀಳುವುದಿಲ್ಲ. ನನ್ನ ಎದುರಿನ ಶೆಡ್ಡಿನವನೂ ಬಡಗಿಯೇ. ಅದೇ ಮರ, ಅದೇ ಉಳಿ. ನಡುವೆ ಇರುವುದು ಒಂದು ಓಣಿ. ಅವನು ಹಳ್ಳಿಗೆ ಕಟ್ಟುವುದು ಕಾಲುಭಾಗ, ನಾನು ನಗರಕ್ಕೆ ಕಟ್ಟುತ್ತಿದ್ದದ್ದು ಪೂರ್ತಿ, ಅದರ ಮೇಲೆ ದೀಪದ ಕರ, ಚರಂಡಿ ಕರ. ಗಿರಾಕಿಗಳು ನನ್ನ ಕುರ್ಚಿಯಲ್ಲಿ ಕೂತು ನೋಡಿ, "ಚೆನ್ನಾಗಿದೆ ಕಣಯ್ಯಾ" ಎಂದು ಹೊಗಳಿ, ಅವನ ಹತ್ತಿರ ಹೋಗಿ ಕೊಳ್ಳುತ್ತಿದ್ದರು. ಎಷ್ಟು ವರ್ಷ ಆ ಹೊಗಳಿಕೆ ತಿಂದು ಹೊಟ್ಟೆ ತುಂಬಿಸಿಕೊಳ್ಳಲಿ? ಇಷ್ಟು ವರ್ಷ ದೀಪದ ಕರ ಕಟ್ಟಿದ್ದೇವಲ್ಲ, ನಮ್ಮ ಹಿಂದಿನ ಓಣಿಯಲ್ಲಿ ನಗರಸಭೆಯ ಒಂದೇ ಒಂದು ದೀಪ ತೋರಿಸು. ಅವರ ಕೊನೆಯ ಕಂಬ ಮೂಲೆಯಿಂದ ಆಚೆಗೇ ನಿಂತಿದೆ, ನಮ್ಮ ಕಡೆ ಬೆನ್ನು ಮಾಡಿಕೊಂಡು.

ಗೋಡೆ ಎಬ್ಬಿಸಿದ್ದು ನಿನ್ನ ಮೇಲಿನ ಹಗೆಗಲ್ಲ. ಹಳ್ಳಿ ಕಚೇರಿಯ ಗುಮಾಸ್ತ ಸ್ಪಷ್ಟವಾಗಿ ಹೇಳಿದ: "ನಡುವೆ ಬಾಗಿಲಿದ್ರೆ ಎರಡೂ ಒಂದೇ ಮನೆ. ಒಂದೇ ಮನೆ ಅಂದ್ರೆ ಮುಂಬಾಗಿಲು ಲೆಕ್ಕ. ಮತ್ತೆ ನಗರಸಭೆಗೇ ಹೋಗಿ." ಆ ಬಾಗಿಲಿನ ಚೌಕಟ್ಟು ಅಪ್ಪ ಕೂರಿಸಿದ್ದು. ಅದನ್ನು ಮುಚ್ಚುವಾಗ ನನಗೆ ಹೇಗನ್ನಿಸಿತು ಎಂದು ನೀನು ಕೇಳಲಿಲ್ಲ.

ಒಂದು ಒಲೆ ಹಾಕಿಸಿಕೊ. ಒಲೆ ಇಡುವ ಗೂಡನ್ನು ನಾನೇ ಮಾಡಿಕೊಡುತ್ತೇನೆ.

ತಮ್ಮ


ಮಾರ್ಚ್ 24
ಮುಂದಿನ ಅಂಗಡಿಯಿಂದ

ತಮ್ಮನಿಗೆ,

ಒಲೆ ಹಾಕಿಸಿದೆ. ನಿನ್ನ ಗೂಡು ಬೇಡವೆಂದು ಬೇರೆಯವನ ಕೈಲೇ ಮಾಡಿಸಿದೆ. ಟೇಪಿನವ ಬಂದು, ಬಗ್ಗಿ ನೋಡಿ, "ಹೊಗೆ ಹೋಗೋಕೆ ಕೊಳವೆ?" ಎಂದ. ಕೊಳವೆ ಹಾಕಲು ಅನುಮತಿ ಬೇಕು. ಅನುಮತಿ ಕೊಡುವ ಕಿಟಕಿಯಲ್ಲಿ ಕೂತ ಹೆಂಗಸು ಹೇಳಿದಳು, ಅಂಗಡಿಗೆ ಅಡುಗೆ ಕೊಳವೆಯ ಅನುಮತಿ ಇಲ್ಲ, ಮನೆಗಾದರೆ ಕೊಡುತ್ತೇವೆ ಎಂದು. ಮನೆ ಎಂದು ಬರೆಸಲು ಕೊಳವೆ ಬೇಕಲ್ಲಾ ತಾಯಿ ಎಂದೆ. "ಹೌದಲ್ವಾ!" ಎಂದಳು. ಪಾಪ, ಅವಳಿಗೂ ಅವತ್ತೇ ಹೊಳೆದಂತಿತ್ತು. ಆಮೇಲೆ ಊಟಕ್ಕೆಂದು ಕಿಟಕಿ ಮುಚ್ಚಿದಳು.

ನೆತ್ತಿಗೇರಿದ ಸಿಟ್ಟಿನಲ್ಲಿ ಇಡೀ ಕಚೇರಿಗೆ ಕೇಳುವ ಹಾಗೆ ಬೈದೆ. ಮುಖ್ಯರಸ್ತೆಯಲ್ಲಿ ಹುಟ್ಟಿದ್ದು ನನ್ನ ತಪ್ಪೇ ಎಂದು ಕೇಳಿದೆ. ಒಬ್ಬ ಮುದುಕ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. ಅಷ್ಟೇ ಲಾಭ.

ಹೊರಗೆ ಬರುವಾಗ ಟೇಪಿನವ ಹಿಂದೆಯೇ ಬಂದು ದನಿ ತಗ್ಗಿಸಿ ಇನ್ನೊಂದು ದಾರಿ ಹೇಳಿದ. ಎಪ್ಪತ್ತು ದಾಟಿದವರು ಯಾರಾದರೂ ಅಲ್ಲೇ ಮಲಗಿದರೆ, ಒಲೆ ಇಲ್ಲದಿದ್ದರೂ ಅದು ಮನೆಯೇ ಅಂತೆ. ರಾತ್ರಿ ಮಲಗಬೇಕು, ಅವನು ಯಾವಾಗ ಬಂದು ನೋಡಿದರೂ ಹಾಸಿಗೆ ಇರಬೇಕು.

ಅಮ್ಮನನ್ನು ಕಳಿಸು.

ಅಕ್ಕ


ಏಪ್ರಿಲ್ 2
ಹಿಂದಿನ ಮನೆಯಿಂದ

ಅಕ್ಕನಿಗೆ,

ಅಮ್ಮನನ್ನು ಕಳಿಸು ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀಯಲ್ಲ, ಅವಳೇನು ನಾನು ಮಾಡಿಟ್ಟ ಸ್ಟೂಲೇ? ಇಷ್ಟು ದಿನ ಅವಳು ಹೇಗಿದ್ದಾಳೆ ಎಂದು ಒಂದು ಮಾತು ಕೇಳಿದವಳಲ್ಲ. ಈಗ ಕಂದಾಯ ಇಳಿಸಲು ಅಮ್ಮ ಬೇಕಾದಳು.

ನಿನ್ನ ಕಾಗದ ಅವಳಿಗೇ ಓದಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಇಷ್ಟು: "ಉಣ್ಣೋದು ಇಲ್ಲಿ, ಮಲಗೋದು ಅಲ್ಲಿ. ಇದರಲ್ಲೇನಿದೆ? ಮೊದಲೂ ಹಾಗೇ ಇದ್ದೆ." ಮೊದಲು ನಡುವೆ ಬಾಗಿಲಿತ್ತು ಎಂದು ನೆನಪಿಸಿದೆ. "ಈಗ ಓಣಿ ಸುತ್ತಿ ಹೋಗ್ತೀನಿ, ಕಾಲು ಸವೆದು ಹೋಗುತ್ತಾ?" ಎಂದಳು.

ಇವತ್ತಿನಿಂದ ಬರುತ್ತಾಳೆ, ಈ ಕಾಗದವನ್ನೂ ಅವಳ ಕೈಲೇ ಕಳಿಸುತ್ತಿದ್ದೇನೆ. ನಿನಗೆ ಊಟದ ಡಬ್ಬಿಯನ್ನೂ ತರುತ್ತಾಳಂತೆ, ನಾನು ಬೇಡವೆಂದರೂ. ನಾನು ಮೂಲೆಯವರೆಗೆ ಬಿಟ್ಟು ಬರುತ್ತೇನೆ. ಅಲ್ಲಿಂದ ಮುಂದೆ ನಿನ್ನ ರಸ್ತೆ.

ತಮ್ಮ


ಮೇ 19
ಆಸ್ಪತ್ರೆಯ ಬೆಂಚಿನಿಂದ

ತಮ್ಮನಿಗೆ,

ನೀನು ಈ ಬೆಂಚಿನ ಆ ತುದಿಯಲ್ಲಿ ಕೂತಿದ್ದೀಯ, ನಾನು ಈ ತುದಿಯಲ್ಲಿ. ನಿನ್ನ ಮುಖ ನೋಡಿ ಬೈದರೆ ನರ್ಸ್ ಇಬ್ಬರನ್ನೂ ಹೊರಗೆ ಹಾಕುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ಮೂಲೆಯವರೆಗೆ ಬಿಟ್ಟು ಬರುತ್ತೇನೆ ಎಂದಿದ್ದೆಯಲ್ಲ? ನಿನ್ನೆ ಎಲ್ಲಿದ್ದೆ? ಗಿರಾಕಿ ಬಂದಿದ್ದನಂತೆ, "ನೀನು ಇರು, ನಾನು ಹೋಗ್ತೀನಿ" ಎಂದಳಂತೆ. ಅವಳು ಯಾವತ್ತು ಬೇರೆ ಮಾತು ಹೇಳಿದ್ದಾಳೆ? ಕತ್ತಲಲ್ಲಿ ಚರಂಡಿಯ ಅಂಚು ಕಾಣದೆ ಕಾಲಿಟ್ಟಿದ್ದಾಳೆ. ನಗರದ ಚರಂಡಿಗೆ ಚಪ್ಪಡಿ ಇದೆ, ಅದು ಮೂಲೆಯಲ್ಲಿ ನಿಲ್ಲುತ್ತದೆ. ನಿಮ್ಮ ಹಳ್ಳಿಯ ಚರಂಡಿಗೆ ಚಪ್ಪಡಿ ಇಲ್ಲ. ಸರಿಯಾಗಿ ಆ ಎರಡರ ಸಂದಿನಲ್ಲಿ ಬಿದ್ದಿದ್ದಾಳೆ, ಡಬ್ಬಿಯನ್ನು ಎದೆಗವಚಿಕೊಂಡು. ಊಟ ಚೆಲ್ಲಿರಲಿಲ್ಲ. ಸೊಂಟದ ಮೂಳೆ ಮುರಿದಿತ್ತು.

ಆಮೇಲೆ ನಡೆದದ್ದನ್ನು ನೀನೂ ನೋಡಿದೆ, ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನ್ನ ತಲೆ ಸಿಡಿಯುತ್ತದೆ. ನಗರಸಭೆಯ ಆಂಬುಲೆನ್ಸ್‌ನವನು ಬಂದು ಟಾರ್ಚ್ ಬಿಟ್ಟು ನೋಡಿ, "ತಲೆ ನಮ್ಮ ಕಡೆ ಇದೆ, ಕಾಲು ಹಳ್ಳಿ ಕಡೆ ಇದೆ. ಪೆಟ್ಟು ಬಿದ್ದಿರೋದು ಎಲ್ಲಿಗೆ?" ಎಂದು ಕೇಳಿದ. ಕೇಳಿದ ತಮ್ಮಾ, ನನ್ನ ಕಿವಿಯಾರೆ ಕೇಳಿದೆ. ಹಳ್ಳಿ ಕಚೇರಿಗೆ ಫೋನು ಮಾಡಿದರೆ, ನಮ್ಮಲ್ಲಿ ಕರ ಕಮ್ಮಿ, ಆಂಬುಲೆನ್ಸ್ ಇಟ್ಟಿಲ್ಲ ಎಂದರು. ಇಬ್ಬರೂ ಕಾನೂನು ಮಾತಾಡುವಷ್ಟು ಹೊತ್ತು ಅಮ್ಮ ಮಣ್ಣಿನಲ್ಲಿ ಬಿದ್ದಿದ್ದಳು. ಕೊನೆಗೆ ಅವಳನ್ನು ಎತ್ತಿಕೊಂಡು ಬಂದದ್ದು ನಿನ್ನ ಎದುರಿನ ಶೆಡ್ಡಿನ ಬಡಗಿಯ ಗಾಡಿ, ಕುರ್ಚಿಗಳ ನಡುವೆ.

ಅವರ ಮೇಲೆ ನನಗಿರುವಷ್ಟು ಸಿಟ್ಟು ನಿನ್ನ ಮೇಲಿಲ್ಲ. ಆದರೆ ನಿನ್ನ ಮೇಲೂ ಇದೆ. ಆ ಬಾಗಿಲು ಇದ್ದಿದ್ದರೆ ಅವಳು ಅಡುಗೆಮನೆಯಿಂದ ನೇರ ಬಂದು ಮಲಗುತ್ತಿದ್ದಳು. ನಾನು ಕರೆಸಿಕೊಳ್ಳದೆ ಇದ್ದಿದ್ದರೂ ನಿನ್ನ ಕಡೆಯೇ ಸುಖವಾಗಿ ಮಲಗಿರುತ್ತಿದ್ದಳು. ಇದರಲ್ಲಿ ಯಾರದೆಷ್ಟು ಪಾಲು ಎಂದು ನೀನೇ ಹೇಳು, ಪಾಲು ಮಾಡುವುದರಲ್ಲಿ ನೀನು ಗಟ್ಟಿಗ.

ಅಕ್ಕ


ಜೂನ್ 6
ಆಸ್ಪತ್ರೆಯಿಂದ

ಮಕ್ಕಳಿಬ್ಬರಿಗೂ,

ಸೊಸೆ ಕೈಲಿ ಬರೆಸ್ತಿದ್ದೀನಿ. ಅವಳು ಅಳ್ತಾ ಬರೀತಿದ್ದಾಳೆ, ಅಕ್ಷರ ಕೆಟ್ಟರೆ ಬೈಬೇಡಿ. ಇಬ್ಬರಿಗೂ ಒಂದೇ ಕಾಗದ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಡಿ, ಕೈಯಿಂದ ಕೈಗೆ ಕೊಡಿ, ಅಂಚೆಗೆ ಹಾಕಿದ್ರೆ ನಾನು ಸುಮ್ಮನಿರಲ್ಲ.

ನಾಳಿದ್ದು ಮನೆಗೆ ಕಳಿಸ್ತಾರಂತೆ. ಯಾವ ಮನೆಗೆ ಅಂತ ಡಾಕ್ಟರು ಕೇಳಿದ್ರು. ನಿಮ್ಮಪ್ಪನ ಮನೆ ಒಂದೇ ಇತ್ತು, ಎರಡು ಯಾವಾಗ ಆಯ್ತು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ.

ಚರಂಡೀಲಿ ಬಿದ್ದಿದ್ದಾಗ ಆ ಟಾರ್ಚಿನವನು ಹೇಳಿದ್ದೆಲ್ಲ ಕೇಳಿಸ್ತು. ತಲೆ ಇಲ್ಲಿ, ಕಾಲು ಅಲ್ಲಿ ಅಂದ. ಸರಿ, ಹಾಗೇ ಆಗಲಿ. ಮಗಾ, ನೀನು ಇಟ್ಟ ಇಟ್ಟಿಗೆ ನೀನೇ ತೆಗಿ. ಆ ಬಾಗಿಲಲ್ಲಿ ಹಿಡಿಯೋ ಹಾಗೆ ಸಣ್ಣ ಮಂಚ ಮಾಡು. ತಲೆ ಮಗಳ ಕಡೆ, ಕಾಲು ನಿನ್ನ ಕಡೆ. ಹೊಲಿಗೆ ಶಬ್ದಾನೂ ಕೇಳ್ಬೇಕು, ಒಗ್ಗರಣೆ ಶಬ್ದಾನೂ ಕೇಳ್ಬೇಕು. ಕಂದಾಯದೋರು ಬಂದ್ರೆ ನನ್ನನ್ನು ಕೇಳಲಿ.

ನಿಮ್ಮ ಜಗಳ ನನ್ನ ಹೊಟ್ಟೆ ಮೇಲೆ ಆಡ್ಕೊಳ್ಳಿ, ನಾನು ಮಧ್ಯದಲ್ಲೇ ಇರ್ತೀನಲ್ಲ.

ಅಮ್ಮ


ಆಗಸ್ಟ್ 28
ಮಂಚದ ತಲೆಯ ಕಡೆಯಿಂದ

ತಮ್ಮನಿಗೆ,

ಇದನ್ನು ಮಂಚದ ಕೆಳಗಿನಿಂದ ತಳ್ಳುತ್ತಿದ್ದೇನೆ. ಅಮ್ಮನಿಗೆ ಕೇಳಿಸಬಾರದ ಮಾತು, ಅದಕ್ಕೇ ಮತ್ತೆ ಕಾಗದ.

ಟೇಪಿನವ ಕಳೆದ ತಿಂಗಳು ಬಂದು ಕೊಟ್ಟ ತೀರ್ಪು ನೆನಪಿದೆಯಲ್ಲ? ಬಾಗಿಲು ಅಳೆದ, ಮಂಚ ಅಳೆದ, ಒಂದು ಬೆರಳೂ ಹೋಗದ ಸಂದು ಅಳೆದ. ಮೇಲಿನವರಿಗೆ ಫೋನು ಹಚ್ಚಿದ. ನಮ್ಮಮ್ಮ ಮಲಗಿಕೊಂಡೇ, "ನನ್ನ ಮೂಗೂ ಅಳೆದು ಬಿಡಪ್ಪಾ, ಅದು ಯಾರ ಪಾಲಿಗೆ ಬಂತು ನೋಡೋಣ" ಎಂದಳು. ಅವನು ಬೆವರು ಒರೆಸಿಕೊಂಡು ಹೇಳಿದ: ಹಾಸಿಗೆ ಹಿಡಿದವರ ಮಂಚ ಕದಲಿಸುವಂತಿಲ್ಲ, ಆದ್ದರಿಂದ ಅದು ಗೋಡೆಗೆ ಸಮ. ಗೋಡೆ ಇದ್ದ ಮೇಲೆ ಎರಡು ಮನೆ. ತಲೆ ನನ್ನ ಕಡೆ ಇರುವುದರಿಂದ ವಾಸ ನನ್ನ ಕಡೆ, ಹಾಗಾಗಿ ನನ್ನದು ಅಂಗಡಿ ಅಲ್ಲ. ನೀನು ಹಳ್ಳಿಯವನಾಗಿಯೇ ಉಳಿದೆ. ಅಮ್ಮ ಎದ್ದು ಓಡಾಡಿದ ದಿನ ಮಾತ್ರ ಆ ಮಂಚ ಬರೀ ಸಾಮಾನು, ಸಾಮಾನು ಸರಿಸಿದರೆ ಅದು ಬಾಗಿಲು, ಬಾಗಿಲಾದರೆ ಒಂದೇ ಮನೆ, ಎಲ್ಲವೂ ನಗರಸಭೆಗೆ.

ಅವತ್ತು ನಾವಿಬ್ಬರೂ ನಕ್ಕೆವು. ಎಷ್ಟೋ ತಿಂಗಳ ಮೇಲೆ ಒಟ್ಟಿಗೆ ನಕ್ಕೆವು. ಬೀಗದ ಭಯ ಹೋಯಿತು, ನಿನ್ನ ಕುರ್ಚಿಯ ಬೆಲೆ ಉಳಿಯಿತು, ಅಮ್ಮ ನಮ್ಮನ್ನು ಉಳಿಸಿದಳು ಎಂದು ನಕ್ಕೆವು. ಈಗ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಡಾಕ್ಟರು ಎರಡು ವಾರದ ಹಿಂದೆಯೇ ಹೇಳಿದ್ದಾರೆ, ಮೂಳೆ ಕೂಡಿದೆ, ಇನ್ನು ಎಬ್ಬಿಸಿ ನಡೆಸಿ, ಮಲಗಿಸಿಟ್ಟರೆ ಮತ್ತೆ ಏಳುವುದಿಲ್ಲ ಎಂದು. ಊರುಗೋಲು ಮಾಡಿಕೊಡುತ್ತೇನೆ ಎಂದವನು ನೀನು. "ಅಂಗಡಿಯದ್ದು ಬೇಡ, ನನ್ನ ಅಳತೆಗೆ ನನ್ನ ಮಗನೇ ಮಾಡ್ತಾನೆ" ಎಂದು ನರ್ಸಿಗೆ ಹೇಳಿ ಜಂಬಪಟ್ಟವಳು ಅವಳು. ಎಲ್ಲಿ ಕೋಲು? ಬಾಗಿಲು ಕೊರೆಯಲು ನಿನಗೆ ಒಂದು ದಿನ ಸಾಕಾಗಿತ್ತು. ಮಂಚವನ್ನು ಒಂದೇ ರಾತ್ರಿಯಲ್ಲಿ ಮಾಡಿದೆ. ಒಂದು ಕೋಲಿಗೆ ಇಷ್ಟು ದಿನವೇ?

ನಾನೇ ಯಾಕೆ ಅಂಗಡಿಯಿಂದ ತರಲಿಲ್ಲ ಎಂದು ನೀನು ಕೇಳಬಹುದು. ಕೇಳು.

ಅಕ್ಕ


ಸೆಪ್ಟೆಂಬರ್ 4
ಮಂಚದ ಕಾಲಿನ ಕಡೆಯಿಂದ

ಅಕ್ಕನಿಗೆ,

ಮರ ಇನ್ನೂ ಹಸಿ ಇದೆ. ಹಸಿ ಮರದಲ್ಲಿ ಮಾಡಿದರೆ ಬಾಗುತ್ತದೆ. ಭಾರ ಹಾಕಿದಾಗ ಮುರಿದರೆ ಮತ್ತೆ ನನ್ನ ತಲೆಗೇ ಬರುತ್ತದೆ. ಒಣಗಲಿ.

ಈ ವಾರ ಹನ್ನೆರಡು ಕುರ್ಚಿಯ ಕೆಲಸ ಬಂದಿದೆ. ಶಾಲೆಯವರು ಎದುರಿನವನನ್ನು ಬಿಟ್ಟು ನನಗೇ ಕೊಟ್ಟರು. ಮೊದಲ ಸಲ.

ನಾನು ಏನನ್ನೂ ಕೇಳುವುದಿಲ್ಲ.

ತಮ್ಮ


ಸೆಪ್ಟೆಂಬರ್ 20

ತಮ್ಮಾ,

ನಿನ್ನೆ ರಾತ್ರಿ ನಾವೆಲ್ಲ ಮಲಗಿದ್ದೇವೆ ಎಂದುಕೊಂಡು ಅಮ್ಮ ಮಂಚದ ಅಂಚು ಹಿಡಿದು ಏಳಲು ನೋಡಿದಳು. ಆಗಲಿಲ್ಲ. ನಾನು ಎಚ್ಚರವಿದ್ದೆ ಎಂದು ಗೊತ್ತಾದಾಗ, "ಇಲ್ಲ ಕಣೇ, ಸುಮ್ನೆ ಮಗ್ಗುಲು ಬದಲಾಯಿಸ್ದೆ. ನಾನು ಎದ್ರೆ ನಿಮ್ಗೆ ಕಷ್ಟ ಅಲ್ವಾ" ಎಂದಳು.

ಅವಳಿಗೆ ಎಲ್ಲ ಗೊತ್ತಿದೆ. ನಿನ್ನ ಮರ ಒಣಗಿತೇ?


ಅಕ್ಟೋಬರ್ 6

ನಗರಸಭೆಯ ಕಂದಾಯ ಅಧಿಕಾರಿಗಳಿಗೆ. ಪ್ರತಿ, ಹಳ್ಳಿ ಕಚೇರಿಗೆ.

ಮಾನ್ಯರೇ,

ನಿಮ್ಮ ಟೇಪಿನವರು ಈಗಾಗಲೇ ವರದಿ ಕೊಟ್ಟಿರಬಹುದು. ಅವರು ಬಿಟ್ಟಿರಬಹುದಾದ್ದನ್ನು ನಾವು ಬರೆಯುತ್ತಿದ್ದೇವೆ.

ನಿನ್ನೆ ಅವರು ತಪಾಸಣೆಗೆ ಬಂದಾಗ ನನ್ನ ತಮ್ಮ ಹಿಂದಿನ ಓಣಿಯಿಂದ ಸುತ್ತಿಕೊಂಡು, ಮುಖ್ಯರಸ್ತೆಯ ಬಾಗಿಲಿನಿಂದ, ಫೆಬ್ರವರಿಯಿಂದೀಚೆಗೆ ಮೊದಲ ಸಲ ನನ್ನ ಕೋಣೆಗೆ ಬಂದ. ಅವನ ಕೈಯಲ್ಲಿ ಊರುಗೋಲು ಇತ್ತು. ಅದರ ಹಿಡಿ ಎಷ್ಟು ನುಣುಪಾಗಿತ್ತೆಂದರೆ, ಅದನ್ನು ಮಾಡಿ ಮುಗಿಸಿ ಬಹಳ ದಿನವಾಗಿತ್ತು ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಅವನನ್ನು ಏನೂ ಕೇಳಲಿಲ್ಲ. ಅವನು ನನ್ನ ಮುಖ ನೋಡಲಿಲ್ಲ. ಅಮ್ಮನ ಕೈಗೆ ಕೊಟ್ಟು, "ಏಳಮ್ಮ" ಎಂದ.

ನಿಮ್ಮವರು ಗಾಬರಿಯಾದರು. ಅವರು ಕೆಟ್ಟವರಲ್ಲ. "ಅಜ್ಜೀ, ಸ್ವಲ್ಪ ತಡೀರಿ, ನಾನು ಹೋದ ಮೇಲೆ ಏಳಿ. ನನ್ನ ಕಣ್ಣೆದುರಿಗೆ ದಾಟಿದ್ರೆ ನಾನು ಬರ್ಕೊಳ್ಳಲೇಬೇಕಾಗುತ್ತೆ" ಎಂದರು. ನಮ್ಮಮ್ಮ, "ಬರ್ಕೋ" ಎಂದು ನಮ್ಮಿಬ್ಬರ ಆಸರೆಯಲ್ಲಿ ನನ್ನ ಕಡೆಗೆ ಇಳಿದು ನಿಂತಳು.

ನಾನು ತಲೆಯ ಕಡೆ ಹಿಡಿದೆ, ನನ್ನ ತಮ್ಮ ಹಿಂದಿನಿಂದ ಸುತ್ತಿ ಬಂದು ಕಾಲಿನ ಕಡೆ ಹಿಡಿದ. ನಿಮ್ಮ ಪ್ರಕಾರ ಗೋಡೆಗೆ ಸಮವಾದದ್ದನ್ನು ಎತ್ತಿ ಅಡುಗೆಮನೆಯೊಳಕ್ಕೆ ಇಟ್ಟೆವು. ಅದೇನೂ ಭಾರವಿರಲಿಲ್ಲ. ಅಮ್ಮ ಕೋಲು ಊರಿ, ಬೈಯುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಚೌಕಟ್ಟು ಹಿಡಿದು ದಾಟಿದಳು. ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಉಪ್ಪು ಹಾಕಿದ್ದೀಯಾ ಎಂದು ಸೊಸೆಯನ್ನು ಕೇಳಿದಳು. ಮತ್ತೆ ತಿರುಗಿ ಈಚೆಗೆ ಬಂದಳು. ನಿಮ್ಮವರು ಪೆನ್ಸಿಲ್ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆಗ ನನ್ನ ತಮ್ಮನೇ, "ಬರೀರಿ ಸಾರ್, ನನ್ನ ಅರ್ಧವನ್ನೂ ಬರೀರಿ" ಎಂದ. ಶಾಲೆಯ ಕುರ್ಚಿಗಳ ಕೆಲಸ ಈ ಬೆಲೆಗೆ ಅವನಿಗೆ ಇನ್ನು ಸಿಗುವುದಿಲ್ಲ, ಅದು ಓಣಿಯ ಆಚೆಗೆ ಹೋಗುತ್ತದೆ. ಅವನಿಗಿಂತ ಚೆನ್ನಾಗಿ ಮಾಡುವವರಿದ್ದಾರೆ ಎಂದಲ್ಲ, ಅವರ ಬಾಗಿಲು ಬೇರೆ ಕಡೆಗೆ ತಿರುಗಿದೆ ಎಂದು.

ಹಳ್ಳಿ ಕಚೇರಿಯವರೇ, ನಿಮ್ಮ ಕಡಿಮೆ ಕರಕ್ಕೆ ಏನು ಕಡಿಮೆ ಇದೆ ಎಂದು ನಮ್ಮಮ್ಮ ನಿಮ್ಮ ಚರಂಡಿಯಲ್ಲಿ ಮಲಗಿ ತಿಳಿದುಕೊಂಡಿದ್ದಾಳೆ. ನಗರಸಭೆಯವರೇ, ನಾವು ಕಟ್ಟುವ ದೀಪದ ಕರಕ್ಕೆ ದೀಪ ಎಲ್ಲಿ ಎಂದು ಪ್ರತಿ ಸಲ ಕಟ್ಟುವಾಗಲೂ ಕೇಳುತ್ತೇವೆ. ಕಿಟಕಿ ಮುಚ್ಚಿದರೆ ಬಾಗಿಲಿಗೆ ಬರುತ್ತೇವೆ. ನನ್ನ ಬಾಯಿ ಎಂಥದು ಎಂದು ನಿಮ್ಮ ಕಚೇರಿಗೆ ಗೊತ್ತಿದೆ, ಈಗ ನನ್ನ ಜೊತೆ ತಮ್ಮನೂ ಬರುತ್ತಾನೆ.

ನಮ್ಮದು ಒಂದೇ ಮನೆ. ನಡುವೆ ಬಾಗಿಲಿದೆ, ಅದಕ್ಕೆ ಕದ ಹಾಕಿಲ್ಲ. ನಮ್ಮಮ್ಮ ನಡೆದಿದ್ದಾಳೆ. ಅದಕ್ಕೆ ಕಂದಾಯ ಎಷ್ಟಾಗುತ್ತದೆ ಎಂದು ಬರೆದು ಕಳಿಸಿ.

ಹೊಲಿಗೆಯವಳು
ಬಡಗಿ
(ಒಂದೇ ವಿಳಾಸ)